ಹಳ್ಳದ ಕ್ಯಾಬಿನ್, ಗುಡ್ಡದ ಕ್ಯಾಬಿನ್

ಆ ಒಂಟಿ ಹಳಿಯನ್ನು ಹಾಕಿದ್ದು ಕಲ್ಲುಗಣಿಗಾಗಿ. ಗಣಿ ಮುಚ್ಚಿ ಎರಡು ತಲೆಮಾರು ಕಳೆದರೂ ಹಳಿ ಉಳಿಯಿತು. ಹಳಿಯ ಜೊತೆಗೆ, ಒಂಬತ್ತು ಕಿಲೋಮೀಟರ್ ಅಂತರದಲ್ಲಿ ನಿಂತ ಎರಡು ಸಿಗ್ನಲ್ ಕ್ಯಾಬಿನ್ನುಗಳೂ ಉಳಿದವು. ಒಂದು ಹಳ್ಳದ ದಂಡೆಯಲ್ಲಿ, ಇನ್ನೊಂದು ಗುಡ್ಡದ ಬುಡದಲ್ಲಿ. ಕಾಗದದ ಮೇಲೆ ಅವಕ್ಕೆ ಬೇರೆ ಹೆಸರುಗಳಿದ್ದವು. ಕೆಲಸ ಮಾಡುವವರ ಬಾಯಲ್ಲಿ ಮಾತ್ರ ಹಳ್ಳ, ಗುಡ್ಡ, ಅಷ್ಟೇ.

ಎರಡೂ ಒಂದೇ ಅಚ್ಚಿನವು. ಕೆಳಗೆ ಇಟ್ಟಿಗೆಯ ಕೋಣೆ, ಮೇಲೆ ಮೂರು ಕಡೆ ಗಾಜು ಹಾಕಿದ ಮರದ ಕೋಣೆ, ಹೊರಗಿನಿಂದ ಹತ್ತಲು ಹದಿನಾರು ಮೆಟ್ಟಿಲು. ಮೇಲಿನ ಕೋಣೆಯಲ್ಲಿ ಎದೆಮಟ್ಟದ ಹದಿನೆಂಟು ಲಿವರ್‌ಗಳು ಸಾಲಾಗಿ ನಿಂತಿರುತ್ತವೆ. ಕೆಂಪು ಬಣ್ಣದವು ಗಾಡಿ ನಿಲ್ಲಿಸುವ ಕೈಮರಗಳಿಗೆ, ಹಳದಿಯವು ದೂರದಿಂದಲೇ ಎಚ್ಚರಿಸುವ ಕೈಮರಗಳಿಗೆ, ಕಪ್ಪು ಬಣ್ಣದವು ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳಿಗೆ, ನೀಲಿಯವು ಆ ಪಾಯಿಂಟುಗಳ ಬೀಗಕ್ಕೆ. ಇಲ್ಲಿ ಎಳೆದ ಎಳೆತ ತಂತಿಗುಂಟ ಅರ್ಧ ಮೈಲಿ ಹೋಗಿ ಅಲ್ಲಿ ಕೈಮರದ ಕೈ ಇಳಿಸಬೇಕು, ಕೈ ಇಳಿದರೇ ಗಾಡಿಗೆ ದಾರಿ. ಬೇಸಿಗೆಯಲ್ಲಿ ತಂತಿ ಹಿಗ್ಗಿ ಕೈ ಅರ್ಧಕ್ಕೇ ನಿಂತುಬಿಡುತ್ತದೆ, ಆಗ ತಂತಿ ಬಿಗಿಯಬೇಕು. ಕೆಳಗಿನ ಕೋಣೆಯಲ್ಲಿ ಉಕ್ಕಿನ ಪಟ್ಟಿಗಳು ಹೆಣೆದುಕೊಂಡಿವೆ. ಮೇಲೆ ಒಂದು ಲಿವರ್ ಎಳೆದರೆ, ಅದಕ್ಕೆ ವಿರುದ್ಧವಾದ ಲಿವರುಗಳೆಲ್ಲ ಕೆಳಗೆ ಕಟ್ಟಿಬೀಳುತ್ತವೆ. ಎರಡು ಗಾಡಿಗಳನ್ನು ಒಂದೇ ದಾರಿಗೆ ಬಿಡುತ್ತೇನೆ ಎಂದು ಹಟ ಹಿಡಿದರೂ ಕ್ಯಾಬಿನ್ ಬಿಡುವುದಿಲ್ಲ.

"ಮನುಷ್ಯನಿಗೆ ಬುದ್ಧಿ ಕೆಡುತ್ತೆ ಅಂತ ಗೊತ್ತಿದ್ದವನೇ ಕಟ್ಟಿದ್ದು ಇದನ್ನ" ಎನ್ನುತ್ತಿದ್ದ, ಹಳ್ಳದ ಕ್ಯಾಬಿನ್ನಿನಲ್ಲಿ ಇಪ್ಪತ್ತೆಂಟು ವರ್ಷ ಲಿವರ್ ಎಳೆದ ಮುದುಕ.

ಅವನಿಗೆ ಒಬ್ಬ ಮಗ, ಒಬ್ಬಳು ಮಗಳು. ಅಣ್ಣ ತಂಗಿಗೆ ಆರು ವರ್ಷದ ಅಂತರ. ಶಾಲೆ ಬಿಟ್ಟ ಮೇಲೆ ಇಬ್ಬರೂ ಅಪ್ಪನ ಕ್ಯಾಬಿನ್ನಿನ ಮೂಲೆಯಲ್ಲೇ ಕೂತು ಬರೆಯುತ್ತಿದ್ದರು. ಬರಿಗೈಯಲ್ಲಿ ಲಿವರ್ ಮುಟ್ಟಿದರೆ ಬೆವರಿಗೆ ಹಿಡಿಕೆ ತುಕ್ಕು ಹಿಡಿಯುತ್ತದೆ, ಬಟ್ಟೆ ಸುತ್ತಿಯೇ ಹಿಡಿಯಬೇಕು ಎನ್ನುವುದು ಅವರು ಅಕ್ಷರಕ್ಕಿಂತ ಮೊದಲು ಕಲಿತ ಪಾಠ. ಎರಡನೆಯ ಪಾಠ ಗಂಟೆ. ಎರಡು ಕ್ಯಾಬಿನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಗಾಡಿ ಬಿಡುವ ಮುಂಚೆ ಈಚೆಯವರು ಗಂಟೆ ಹೊಡೆದು ದಾರಿ ಖಾಲಿಯಿದೆಯಾ ಎಂದು ಕೇಳಬೇಕು. ಆಚೆಯವರು ಅಷ್ಟೇ ಗಂಟೆಗಳನ್ನು ತಿರುಗಿ ಹೊಡೆದು ಒಪ್ಪಬೇಕು. ಒಪ್ಪಿಗೆ ಬಾರದೆ ಕೈಮರ ಇಳಿಯದು. ಗಾಡಿ ಮುಟ್ಟಿದ ಮೇಲೆ, ಕೊನೆಯ ಡಬ್ಬಿ ಕಣ್ಣಾರೆ ಕಂಡ ಮೇಲೆ, ಮುಟ್ಟಿತು ಎಂದು ಮತ್ತೆ ಗಂಟೆ. ಮಕ್ಕಳಿಬ್ಬರೂ ಮನೆಯಲ್ಲಿ ಲೋಟದ ಮೇಲೆ ಚಮಚ ಬಡಿದು ಇದೇ ಆಟ ಆಡುತ್ತಿದ್ದರು. ಅಣ್ಣ ನಾಲ್ಕನೆಯ ಏಟನ್ನು ಯಾವಾಗಲೂ ಒಂದು ಉಸಿರಿನಷ್ಟು ತಡೆದು ಹೊಡೆಯುತ್ತಿದ್ದ. ತಂಗಿ ಅಷ್ಟರಲ್ಲಿ ಅವಸರಪಟ್ಟು ಉತ್ತರ ಕೊಟ್ಟು ಸೋಲುತ್ತಿದ್ದಳು.

ದೊಡ್ಡವನಾದ ಮೇಲೆ ಅಣ್ಣ ಗುಡ್ಡದ ಕ್ಯಾಬಿನ್ನಿಗೆ ಸೇರಿದ. ಅಲ್ಲಿ ಕೈಮರಗಳಿಗೆ ದೀಪ ಹಚ್ಚಿ, ಪಾಯಿಂಟುಗಳಿಗೆ ಎಣ್ಣೆ ಬಿಡುವ ಕೆಲಸಕ್ಕಿದ್ದವನು ಅವನ ಜೀವದ ಗೆಳೆಯ. ಎಲ್ಲರೂ ಅವನನ್ನು ದೀಪದವನು ಎಂದೇ ಕರೆಯುತ್ತಿದ್ದರು. ನಗುಮುಖದವನು, ಮಾತುಗಾರ, ಸ್ವಲ್ಪ ಉಡಾಫೆ. ತಂಗಿಗೆ ಇವನೇ ಸರಿ ಎಂದು ಅಪ್ಪನ ಮುಂದೆ ಪಟ್ಟು ಹಿಡಿದು ಮದುವೆ ಮಾಡಿಸಿದ್ದೂ ಅಣ್ಣನೇ. ಐದು ವರ್ಷ ಅವಳು ಸುಖವಾಗಿದ್ದಳು. ಒಂದು ಹೆಣ್ಣುಮಗುವಾಯಿತು.

ಮಗುವಿಗೆ ನಾಲ್ಕು ತುಂಬಿದ ವರ್ಷ, ಒಂದು ಬೆಳಿಗ್ಗೆ, ಗುಡ್ಡದಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಪಕ್ಕದ ಹಳಿಗೆ ತಳ್ಳುವ ಕೆಲಸ ನಡೆದಿತ್ತು. ದೀಪದವನು ಪಾಯಿಂಟಿಗೆ ಎಣ್ಣೆ ಬಿಡುತ್ತ ಮಂಡಿಯೂರಿ ಕೂತಿದ್ದ. ಪಾಯಿಂಟಿನ ನಡುವೆ ಕೈಯಿಡುವ ಮುಂಚೆ ಮೇಲೆ ಹೋಗಿ ಹೇಳಬೇಕು, ಹೇಳಿದ ಮೇಲೆ ಕ್ಯಾಬಿನ್‌ಮನ್ ಆ ಲಿವರಿನ ಕುತ್ತಿಗೆಗೆ ಒಂದು ಕಬ್ಬಿಣದ ಬಳೆ ತೊಡಿಸಬೇಕು, ಬಳೆ ಇದ್ದರೆ ಲಿವರ್ ಅಲುಗದು. ಅವತ್ತು ಲಿವರಿನಲ್ಲಿ ಬಳೆ ಇರಲಿಲ್ಲ. ಅಣ್ಣ ಎಳೆದ. ಹಳಿ ಸರಿದು ದೀಪದವನ ಕೈ ಕಚ್ಚಿ ಹಿಡಿಯಿತು. ಅವನು ಕೂಗಿದ್ದು ಡಬ್ಬಿಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಡಬ್ಬಿಗಳು ಬಂದೇಬಿಟ್ಟವು.

ವಿಚಾರಣೆಯಲ್ಲಿ ಅಣ್ಣ ಬರೆದುಕೊಟ್ಟದ್ದು ಎರಡೇ ಸಾಲು. ಅವನು ಬಂದು ನನಗೆ ಹೇಳಿಯೇ ಕೆಲಸಕ್ಕೆ ಹೋಗಿದ್ದ. ಬಳೆ ಹಾಕಲು ನಾನು ಮರೆತೆ.

ಮೂರನೆಯ ದಿನ ಅಣ್ಣ ತಂಗಿಯ ಮನೆ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಅವಳೇ ಹೊರಗೆ ಬಂದಳು.

"ಮರೆತೆಯಾ?" ಎಂದಳು.

ಅವನು ತಲೆ ತಗ್ಗಿಸಿದ.

"ಹಾಲು ತರೋದು ಮರೀತಾರೆ. ಛತ್ರಿ ಮರೀತಾರೆ. ಮನುಷ್ಯನ್ನ ಮರೀತಾರೇನೋ? ಅದೂ ನಿನ್ನ ಕೈಯಾರೆ ನನಗೆ ಕಟ್ಟಿದವನನ್ನ?"

"ತಪ್ಪಾಯ್ತು."

"ಇನ್ನು ನನಗೆ ಅಣ್ಣ ಇಲ್ಲ. ಹೋಗು."

ಅವನು ಹೋದ. ಹದಿನಾಲ್ಕು ವರ್ಷ ಅವರಿಬ್ಬರೂ ಮಾತಾಡಲಿಲ್ಲ. ಅಪ್ಪ ಸತ್ತಾಗಲೂ ಹೆಣದ ಆ ಬದಿಗೆ ಅವನು, ಈ ಬದಿಗೆ ಅವಳು. ನಡುವೆ ಅಣ್ಣನ ಹೆಂಡತಿ, ಅವಳ ಅತ್ತಿಗೆ, ಒಬ್ಬಳೇ ಇಬ್ಬರ ಮುಖವನ್ನೂ ನೋಡುತ್ತ ಅತ್ತಳು.

ಅಣ್ಣನನ್ನು ಎಂಟು ತಿಂಗಳು ಕೆಲಸದಿಂದ ದೂರ ಇಟ್ಟರು. ಅವನು ಸ್ಟೇಷನ್ ಮಾಸ್ಟರ್ ಪರೀಕ್ಷೆ ಪಾಸು ಮಾಡಿ ಆದೇಶಕ್ಕೆ ಕಾಯುತ್ತಿದ್ದ. ಆ ಆದೇಶ ರದ್ದಾಯಿತು. ಮುಂದೆಂದೂ ಬಡ್ತಿಯಿಲ್ಲ ಎಂದು ಬರೆದು, ಅದೇ ಗುಡ್ಡದ ಕ್ಯಾಬಿನ್ನಿಗೆ, ಅದೇ ಲಿವರುಗಳ ಮುಂದೆ ವಾಪಸು ನಿಲ್ಲಿಸಿದರು. ಇತ್ತ ತಂಗಿಗೆ ಸತ್ತ ಗಂಡನ ಹೆಸರಿನಲ್ಲಿ ನೌಕರಿ ಸಿಕ್ಕಿತು. ಗಂಡ ಸತ್ತದ್ದು ಅವನ ತಪ್ಪಿನಿಂದಲ್ಲ, ಇಲಾಖೆಯ ಇನ್ನೊಬ್ಬನ ತಪ್ಪಿನಿಂದ ಎಂದು ತೀರ್ಮಾನವಾಗಿದ್ದರಿಂದ ಸಿಕ್ಕಿತು. ಮೊದಲ ಮೂರು ವರ್ಷ ಪ್ಲಾಟ್‌ಫಾರಂ ಗುಡಿಸಿದಳು, ಆಮೇಲೆ ಪರೀಕ್ಷೆ ಕಟ್ಟಿದಳು. ಬಾಯಿಮಾತಿನ ಪ್ರಶ್ನೆಗಳಿಗೆಲ್ಲ ನೀರು ಕುಡಿದ ಹಾಗೆ ಉತ್ತರ ಕೊಟ್ಟವಳನ್ನು ಸಾಹೇಬರು ಅವಳ ಅಪ್ಪನ ಕ್ಯಾಬಿನ್ನಿಗೇ ಹಾಕಿದರು.

ಮೊದಲ ದಿನ ಗುಡ್ಡದಿಂದ ಗಂಟೆ ಬಂದಾಗ ಅವಳ ಕೈ ಬಟ್ಟೆ ಹಿಡಿದಲ್ಲೇ ನಿಂತಿತು. ಒಂದು, ಎರಡು, ಮೂರು, ಒಂದು ಉಸಿರಿನಷ್ಟು ತಡ, ನಾಲ್ಕು. ಸಿಟ್ಟಿನಲ್ಲಿ ಹಲ್ಲು ಕಚ್ಚಿ ಅವಳು ತಿರುಗಿ ಹೊಡೆದಳು. ಗಾಡಿ ಬರಬೇಕಲ್ಲ.

ಹೀಗೆ ಹನ್ನೊಂದು ವರ್ಷ. ದಿನಕ್ಕೆ ಎಂಟು ಹತ್ತು ಗಾಡಿ. ಫೋನೂ ಇತ್ತು, ಆದರೆ ಅದರಲ್ಲಿ "ಹಳ್ಳ", "ಗುಡ್ಡ", "ಎಷ್ಟು ತಡ", "ಸರಿ" ಇಷ್ಟು ಬಿಟ್ಟು ಐದನೆಯ ಮಾತು ಬರಲಿಲ್ಲ. ಅವಳ ಮಗಳು ಬೆಳೆದು ಕಾಲೇಜಿಗೆ ಹೋದಳು. ಸೋದರಮಾವ ಒಂಬತ್ತು ಕಿಲೋಮೀಟರ್ ದೂರದಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಮುಖ ಮಾತ್ರ ನೆನಪಿರಲಿಲ್ಲ.

ಹಳೆಯ ಕ್ಯಾಬಿನ್ನುಗಳನ್ನು ಮುಚ್ಚಿ, ಪೇಟೆಯ ಸ್ಟೇಷನ್ನಿನಲ್ಲಿ ಕೂತು ಗುಂಡಿ ಒತ್ತಿದರೆ ಎಲ್ಲ ಕೈಮರಗಳೂ ನಡೆಯುವ ಹೊಸ ಏರ್ಪಾಡು ಬರುತ್ತದೆಂಬ ಸುದ್ದಿ ಆ ವರ್ಷ ನಿಜವಾಯಿತು. ಕಾಗದ ಬಂತು, ದಿನ ಗೊತ್ತಾಯಿತು. ಅದಕ್ಕೆ ಎರಡು ತಿಂಗಳಿರುವಾಗ, ಒಂದು ಭಾನುವಾರ, ಸಿಗ್ನಲ್ ಮೇಸ್ತ್ರಿ ಹಳ್ಳದ ಕ್ಯಾಬಿನ್ನಿಗೆ ಬಂದ. ಈ ಎರಡೂ ಕ್ಯಾಬಿನ್ನುಗಳ ಕೀಲು, ಪಟ್ಟಿ, ತಂತಿಗಳನ್ನು ಮೂವತ್ತು ವರ್ಷ ನೋಡಿಕೊಂಡವನು. ಮುಂದಿನ ತಿಂಗಳು ಅವನಿಗೂ ನಿವೃತ್ತಿ. ಕೆಳಗಿನ ಕೋಣೆಯಲ್ಲಿ ಎಣ್ಣೆ ಬಿಟ್ಟು, ಕೈ ಒರೆಸಿಕೊಳ್ಳುತ್ತ ಮೇಲೆ ಬಂದ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟಳು.

"ಇನ್ನೆರಡು ತಿಂಗಳು. ಆಮೇಲೆ ಇದೆಲ್ಲ ಗುಜರಿಗೆ" ಎಂದ ಮೇಸ್ತ್ರಿ. "ನಿಮ್ಮಣ್ಣನೂ ಇದನ್ನೇ ಹೇಳ್ತಿದ್ದ ನಿನ್ನೆ."

ಅವಳು ಮುಖ ತಿರುಗಿಸಿದಳು.

"ಇನ್ನೂ ಹಾಗೇನಾ? ಅಲ್ಲಮ್ಮ, ಮಾಡದ ತಪ್ಪಿಗೆ ಎಷ್ಟು ವರ್ಷ ಅಂತ ಶಿಕ್ಷೆ ಕೊಡ್ತೀಯ?"

"ಮಾಡದ ತಪ್ಪಾ?"

ಮೇಸ್ತ್ರಿ ಲೋಟವನ್ನು ಕಿಟಕಿಯ ಅಂಚಿನ ಮೇಲಿಟ್ಟ. ಬಾಯಿ ಜಾರಿದ್ದು ಅವನಿಗೂ ಗೊತ್ತಾಯಿತು. "ಇಷ್ಟು ವರ್ಷದಲ್ಲಿ ನಿನಗೆ ಯಾರಾದರೂ ಹೇಳಿರ್ತಾರೆ ಅಂದ್ಕೊಂಡಿದ್ದೆ" ಎಂದ. ಆಮೇಲೆ ಹೇಳಿದ.

ಅವತ್ತು ಬೆಳಿಗ್ಗೆ ಅವನು ಗುಡ್ಡದ ಕ್ಯಾಬಿನ್ನಿನ ಕೆಳಗಿನ ಕೋಣೆಯಲ್ಲಿ ಪಟ್ಟಿ ಬಿಚ್ಚಿಕೊಂಡು ಕೂತಿದ್ದ. ಬಾಗಿಲು ತೆರೆದಿತ್ತು. ಮೆಟ್ಟಿಲು ಬಾಗಿಲ ಪಕ್ಕದಲ್ಲೇ. ದೀಪದವನು ಎಣ್ಣೆಯ ಡಬ್ಬ ಹಿಡಿದು ಸೀಟಿ ಹಾಕುತ್ತ ಎದುರಿಗೇ ಹಾದುಹೋದ. ಮೆಟ್ಟಿಲು ಹತ್ತಲಿಲ್ಲ. "ಮೇಲೆ ಹೇಳಿ ಹೋಗೋ" ಎಂದು ಮೇಸ್ತ್ರಿಯೇ ಕೂಗಿ ಹೇಳಿದ. "ಎರಡು ನಿಮಿಷದ ಕೆಲಸ ಬಿಡು, ಅವನಿಗೆ ನಾನು ಕಾಣ್ತೀನಿ" ಎಂದು ನಗುತ್ತಲೇ ಹೋದ. ಆದರೆ ನಡುವೆ ಡಬ್ಬಿಗಳು ನಿಂತಿದ್ದವು. ಮೇಲಿನಿಂದ ಅವನು ಕಾಣುತ್ತಿರಲಿಲ್ಲ.

"ನಿಮ್ಮಣ್ಣ ಏನೂ ಮರೆತಿರಲಿಲ್ಲಮ್ಮ. ಅವನಿಗೆ ಯಾರೂ ಹೇಳೇ ಇರಲಿಲ್ಲ."

"ಮತ್ತೆ ಯಾಕೆ ಹಾಗೆ ಬರೆದುಕೊಟ್ಟ?"

"ಹೇಳದೆ ಹೋಗಿ ಸತ್ತ ಅಂತ ಬರೆದರೆ ತಪ್ಪು ಸತ್ತವನದೇ ಆಗ್ತಿತ್ತು. ನಿನಗೆ ನೌಕರಿ ಸಿಗ್ತಿರಲಿಲ್ಲ, ಇಲಾಖೆ ಕೊಟ್ಟ ಮನೆ ಬಿಟ್ಟು ಹೋಗಬೇಕಿತ್ತು. ನಾಲ್ಕು ವರ್ಷದ ಮಗು ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ? ನನ್ನ ಕೈ ಹಿಡ್ಕೊಂಡು ಹೇಳಿದ, ಯಾರಿಗೂ ಬಾಯಿ ಬಿಡಬೇಡ ಅಂತ."

"ನನಗೆ ಹೇಳಬಹುದಿತ್ತು."

"ಅದನ್ನೇ ನಾನೂ ಅಂದೆ. 'ಅವಳಿಗೆ ಹೇಳಿದರೆ ಅವಳೇ ಹೋಗಿ ಸಾಹೇಬರ ಮುಂದೆ ನಿಜ ಹೇಳಿ ಬರ್ತಾಳೆ, ಅವಳು ಅಂಥವಳು' ಅಂದ. ಆಮೇಲೆ ವರ್ಷ ಕಳೀತು. ಕೇಳಿದರೆ, 'ಈಗ ಹೇಳಿದರೆ ಸತ್ತ ಗೆಳೆಯನ ಮೇಲೆ ಗೂಬೆ ಕೂರಿಸಿದ ಹಾಗಾಗುತ್ತೆ, ಮಗು ಅಪ್ಪನ ಬಗ್ಗೆ ಏನಂದ್ಕೊಳ್ಳುತ್ತೆ' ಅಂತಿದ್ದ."

ಅಷ್ಟರಲ್ಲಿ ಗುಡ್ಡದಿಂದ ಗಂಟೆ ಬಂತು. ಅವಳು ಎದ್ದು ಉತ್ತರ ಕೊಟ್ಟಳು, ಲಿವರ್ ಎಳೆದಳು, ಪುಸ್ತಕದಲ್ಲಿ ಹೊತ್ತು ಬರೆದಳು. ಮೇಸ್ತ್ರಿ ಯಾವಾಗ ಮೆಟ್ಟಿಲಿಳಿದು ಹೋದನೆಂದು ಅವಳಿಗೆ ತಿಳಿಯಲಿಲ್ಲ.

ಸಿಟ್ಟನ್ನು ಹೊತ್ತುಕೊಂಡು ತಿರುಗುವುದು ಅವಳಿಗೆ ರೂಢಿಯಾಗಿತ್ತು. ಈಗ ಹೊರಬೇಕಾದದ್ದು ನಾಚಿಕೆ, ಅದು ಸಿಟ್ಟಿಗಿಂತ ಭಾರ. ಯಾವ ಮುಖ ಇಟ್ಟುಕೊಂಡು ಹೋಗಲಿ, ಹೋಗಿ ಯಾವ ಮಾತು ಮೊದಲು ಆಡಲಿ ಎಂದು ಲಿವರುಗಳ ಮುಂದೆ ಹಿಂದಕ್ಕೂ ಮುಂದಕ್ಕೂ ನಡೆದಳು. ಸೋಮವಾರ ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿ ಫೋನೆತ್ತಿದಳು.

"ಗುಡ್ಡ" ಎಂದ ಅಣ್ಣ.

"ಹಳ್ಳ."

ಅವನು ಕಾದ. "ಮೂರರ ಗೂಡ್ಸ್ ಎಷ್ಟು ತಡ?" ಎಂದಳು.

"ಇಪ್ಪತ್ತು ನಿಮಿಷ."

"ಸರಿ."

ಅವಳು ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ. ಅವನ ಕೋಣೆಯ ಗಡಿಯಾರದ ಸದ್ದು ಕೇಳಿಸುತ್ತಿತ್ತು.

"ಬೇರೆ ಏನಾದರೂ ಇತ್ತಾ?" ಎಂದ ಅವನು, ಬಹಳ ಮೆಲ್ಲಗೆ.

"ಏನಿಲ್ಲ" ಎಂದುಬಿಟ್ಟಳು.

ಫೋನಿನಲ್ಲಿ ಆಡುವ ಮಾತಲ್ಲ ಇದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುರುವಾರ ಅವಳಿಗೆ ರಜೆ. ವಿಚಾರಿಸಿದಾಗ ಅವನಿಗೂ ಅವತ್ತು ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೆಯಲ್ಲೇ ಇರುತ್ತಾನೆ ಎಂದು ತಿಳಿಯಿತು. ಬೆಳಗಿನ ಗಾಡಿಗೆ ಹೋಗುವುದು, ಮನೆಗೇ ಹೋಗುವುದು. ಮಗಳಿಗೆ ಹೇಳಿದಳು.

"ಯಾರ ಮನೆಗೆ?" ಮಗಳು ಕಣ್ಣರಳಿಸಿದಳು.

"ನಿನ್ನ ಸೋದರಮಾವನ ಮನೆಗೆ."

"ಹಾಗಾದರೆ ನಾನೂ ಬರ್ತೀನಿ. ಅವರನ್ನ ಏನಂತ ಕರೀಲಿ ನಾನು? ಮಾವ ಅಂದರೆ ಬೇಜಾರು ಮಾಡ್ಕೊಳ್ತಾರಾ?"

"ಮಾವ ಅಂತಲೇ ಕರಿ" ಎಂದು ಹೇಳಿ ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಬುಧವಾರ ಹನ್ನೊಂದೂ ಕಾಲಿಗೆ ಪೇಟೆ ಕಡೆಯಿಂದ ಪ್ಯಾಸೆಂಜರ್ ಬಂದು ಹಳ್ಳದ ಪಕ್ಕದ ಹಳಿಯಲ್ಲಿ ನಿಂತಿತು. ಮುಂದೆ ಗುಡ್ಡಕ್ಕೆ ಹೋಗಬೇಕು. ಅವಳು ಗಂಟೆ ಹೊಡೆದಳು. ಉತ್ತರ ಬರಲಿಲ್ಲ. ಚಹಾಕ್ಕೆ ನೀರಿಟ್ಟಿರಬೇಕು ಎಂದುಕೊಂಡಳು. ಒಂದು ನಿಮಿಷ ಬಿಟ್ಟು ಮತ್ತೆ ಹೊಡೆದಳು. ಮೂರನೆಯ ಸಲವೂ ಹೊಡೆದಳು. ಹನ್ನೊಂದು ವರ್ಷದಲ್ಲಿ ಅವನು ಎರಡನೆಯ ಗಂಟೆಯವರೆಗೆ ಕಾಯಿಸಿದವನಲ್ಲ. ಫೋನ್ ಮಾಡಿದಳು. ಆ ಕಡೆ ಅದು ಬಡಿದುಕೊಂಡೇ ಇತ್ತು. ಪೇಟೆಯ ಕಂಟ್ರೋಲ್ ಕಚೇರಿಗೆ ತಿಳಿಸಿದಳು. ಪ್ಯಾಸೆಂಜರಿನ ಡ್ರೈವರ್ ಸೀಟಿ ಹೊಡೆದು ಕೇಳಿದ. ಕೆಂಪು ಬಾವುಟ ತೋರಿಸಿ ನಿಲ್ಲಿಸಿದಳು.

ಹನ್ನೊಂದೂವರೆಗೆ ಫೋನ್ ಬಂತು. ಅಣ್ಣನ ದನಿಯಲ್ಲ. ಗುಡ್ಡದ ಆಚೆ, ಕೈಮರ ಇಳಿಯದೆ ನಿಂತಿದ್ದ ಗೂಡ್ಸ್ ಗಾಡಿಯ ಗಾರ್ಡು. ಎಷ್ಟು ಸೀಟಿ ಹೊಡೆದರೂ ಕೈಮರ ಇಳಿಯದ್ದನ್ನು ಕಂಡು ನಡೆದೇ ಬಂದು ಮೆಟ್ಟಿಲು ಹತ್ತಿದ್ದ.

"ಅಕ್ಕ, ಇಲ್ಲಿ ಕ್ಯಾಬಿನ್‌ಮನ್ ಬಿದ್ದಿದ್ದಾರೆ. ಎದೆ ಹಿಡ್ಕೊಂಡಿದ್ದಾರೆ. ಉಸಿರಿದೆ, ಮಾತಿಲ್ಲ."

"ಲಿವರುಗಳು?" ಎಂದು ಅವಳ ಬಾಯಿಂದ ಬಂತು. ಅಪ್ಪ ಕಲಿಸಿದ್ದು ಹಾಗೆ.

"ಎಲ್ಲಾ ಕೆಂಪಿಗೆ ಹಾಕಿಟ್ಟಿದ್ದಾರೆ. ಒಂದೂ ಬಿಟ್ಟಿಲ್ಲ. ಹಾಕಿದ ಮೇಲೇ ಬಿದ್ದಿರಬೇಕು."

ಅಲ್ಲಿ ರಸ್ತೆಯಿರಲಿಲ್ಲ. ಆಸ್ಪತ್ರೆ ಪೇಟೆಯಲ್ಲಿ, ಹಳ್ಳ ದಾಟಿ ಇನ್ನೂ ಹನ್ನೆರಡು ಕಿಲೋಮೀಟರ್. ಗೂಡ್ಸಿನ ಇಂಜಿನ್ ಬಿಚ್ಚಿ, ಅದರಲ್ಲೇ ಅವನನ್ನು ಮಲಗಿಸಿ, ಕ್ಯಾಬಿನ್ನಿನ ಪಕ್ಕದ ಕ್ವಾರ್ಟರ್ಸಿನಿಂದ ಓಡಿಬಂದ ಅತ್ತಿಗೆಯ ಜೊತೆ ಕಳಿಸುವುದೆಂದು ಕಂಟ್ರೋಲ್ ಒಪ್ಪಿತು. ಗಾರ್ಡು ಗುಡ್ಡದ ಕ್ಯಾಬಿನ್ ನೋಡಿಕೊಳ್ಳುತ್ತಾನೆ. ಬದಲಿಯವರು ಬರುವುದು ಎರಡು ಗಂಟೆಗೆ.

"ನಾನು ಹೋಗಬೇಕು ಸಾರ್. ಅವನು ನನ್ನ ಅಣ್ಣ" ಎಂದಳು ಕಂಟ್ರೋಲಿಗೆ.

"ಅಮ್ಮಾ, ನೀವು ಎದ್ದು ಬಂದರೆ ಆ ಇಂಜಿನ್ನಿಗೆ ದಾರಿ ಕೊಡೋರು ಯಾರು?" ಎಂದ ಆ ಕಡೆಯವನು. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

ಗುಡ್ಡದಿಂದ ಗಂಟೆ ಬಂತು. ಗಾರ್ಡಿನ ಕೈ, ಒರಟು, ನಾಲ್ಕೂ ಏಟು ಒಂದೇ ಸಮ. ಅವಳು ತಿರುಗಿ ಹೊಡೆದು ಒಪ್ಪಿಗೆ ಕೊಟ್ಟಳು. ಇಂಜಿನ್ ಹೊರಟಿತು ಎಂದು ಗಂಟೆ ಬಂತು. ಬರಲು ಹತ್ತು ನಿಮಿಷ. ಪೇಟೆಯ ಕಡೆ ಕೇಳಿದಳು, ಅವರೂ ಒಪ್ಪಿದರು. ಬಟ್ಟೆ ತೆಗೆದುಕೊಂಡು ಲಿವರುಗಳ ಮುಂದೆ ನಿಂತಳು. ಕಪ್ಪು ಎಳೆದಳು, ಪಾಯಿಂಟು ನೇರವಾಯಿತು. ನೀಲಿ ಎಳೆದಳು, ಬೀಗ ಬಿತ್ತು. ಉಳಿದದ್ದು ಎರಡು ಕೆಂಪು, ಒಂದು ಹಳದಿ.

ಮೊದಲನೆಯ ಕೆಂಪು ಲಿವರಿನ ಮೇಲೆ ಕೈಯಿಟ್ಟು ಅವಳು ನಿಂತುಬಿಟ್ಟಳು.

ಅದನ್ನು ಎಳೆದು, ಎರಡನೆಯದನ್ನು ಹಾಗೇ ಬಿಟ್ಟರೆ ಸಾಕಿತ್ತು. ಇಂಜಿನ್ ಬಂದು ಸರಿಯಾಗಿ ಕ್ಯಾಬಿನ್ನಿನ ಕೆಳಗೆ ನಿಲ್ಲುತ್ತಿತ್ತು. ಹದಿನಾರು ಮೆಟ್ಟಿಲು. ಇಳಿದು ಓಡಿಹೋಗಿ ಅವನ ಮುಖ ಹಿಡಿದು ಹೇಳಬಹುದಿತ್ತು, ನನಗೆ ಗೊತ್ತಾಯಿತು ಅಣ್ಣ, ಎಲ್ಲ ಗೊತ್ತಾಯಿತು ಎಂದು. ಎಷ್ಟು ಹೊತ್ತು ಬೇಕು ಅದಕ್ಕೆ? ಒಂದು ನಿಮಿಷ. ನಿಲ್ಲಿಸಿ ಮತ್ತೆ ಹೊರಡಿಸಲು ಇನ್ನೆರಡು. ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಕೇಳಿದರೂ ಬೈಯುತ್ತಿರಲಿಲ್ಲ.

ಆದರೆ ಆ ಮೂರು ನಿಮಿಷ ಅವನವು, ತನ್ನವಲ್ಲ ಎನಿಸಿತು.

ಎರಡು ಕೆಂಪನ್ನೂ ಎಳೆದಳು. ಕೊನೆಗೆ ಹಳದಿ. ದೂರದಿಂದಲೇ ಡ್ರೈವರಿಗೆ ಗೊತ್ತಾಗಲಿ, ಎಲ್ಲೂ ನಿಧಾನ ಮಾಡುವುದು ಬೇಡ ಎಂದು. ತಂತಿ ಬಿಸಿಲಿಗೆ ಹಿಗ್ಗಿತ್ತು. ಕಿಟಕಿಯಿಂದ ನೋಡಿದರೆ ಹಳದಿ ಕೈಮರದ ಕೈ ಪೂರ್ತಿ ಇಳಿದಿರಲಿಲ್ಲ. ಬಿಗಿ ಮಾಡುವ ಚಕ್ರಕ್ಕೆ ಮೈಯೆಲ್ಲ ಹೇರಿ ತಿರುಗಿಸಿದಳು, ಮತ್ತೆ ಎಳೆದಳು. ಕೈ ಪೂರ್ತಿ ಇಳಿಯಿತು.

ಹಸಿರು ಬಾವುಟ ಹಿಡಿದು ಕಿಟಕಿಯಲ್ಲಿ ನಿಂತಳು. ಹಳ್ಳದ ಸೇತುವೆ ಗುಡುಗಿತು. ಇಂಜಿನ್ ಸೀಟಿ ಹಾಕುತ್ತ ಬಂತು, ವೇಗ ಎಲ್ಲೂ ಕುಗ್ಗಲಿಲ್ಲ. ತೆರೆದ ಬಾಗಿಲಲ್ಲಿ ಅತ್ತಿಗೆಯ ಬೆನ್ನು ಕಂಡಿತು, ಬಾಗಿದ ಬೆನ್ನು. ಅವಳ ತೊಡೆಯ ಮೇಲೆ ಒಂದು ತಲೆ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದನ್ನು ತಂಗಿ ಅಂದುಕೊಂಡೇ ಇರಲಿಲ್ಲ. ಅವಳ ನೆನಪಿನ ಅಣ್ಣನಿಗೆ ಕೂದಲು ಕಪ್ಪಗಿತ್ತು.

"ಅಣ್ಣಾ!" ಎಂದು ಕೂಗಿದಳು. "ಅಣ್ಣಾ, ನನಗೆ ಗೊತ್ತಾಯ್ತೋ!"

ಇಂಜಿನ್ ಹೋಗಿಬಿಟ್ಟಿತು. ಪ್ಯಾಸೆಂಜರಿನ ಕಿಟಕಿಗಳಲ್ಲಿ ಕೂತ ಜನ ತಲೆಯೆತ್ತಿ ಅವಳನ್ನು ನೋಡಿದರು. ಅವಳು ಲಿವರುಗಳನ್ನು ಒಂದೊಂದಾಗಿ ವಾಪಸು ಹಾಕಿದಳು. ಪುಸ್ತಕದಲ್ಲಿ ಹನ್ನೊಂದು ಐವತ್ತೆರಡು ಎಂದು ಬರೆದಳು. ಇಂಜಿನ್ ಮುಟ್ಟಿತು ಎಂದು ಗುಡ್ಡಕ್ಕೆ ಗಂಟೆ ಕೊಟ್ಟು, ಪ್ಯಾಸೆಂಜರಿಗೆ ದಾರಿ ಕೇಳಿದಳು. ಎರಡು ಗಂಟೆಗೆ ಬದಲಿಯವನು ಬಂದಾಗ ಅವಳು ನಿಂತೇ ಇದ್ದಳು. ಕೂತರೆ ಏಳಲಾಗುವುದಿಲ್ಲ ಎಂದು ಹೆದರಿ ಕೂತಿರಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. ಅದನ್ನು ನೋಡಿಯೇ ಅವಳಿಗೆ ತಿಳಿಯಿತು.

ಪೇಟೆ ಮುಟ್ಟುವಷ್ಟರಲ್ಲಿ ಅಣ್ಣ ಹೋಗಿದ್ದ.

ಮಣ್ಣು ಮಾಡಿ ಬಂದ ಮೇಲೆ, ಗುಡ್ಡದ ಕ್ವಾರ್ಟರ್ಸಿನಲ್ಲಿ ಜನವೆಲ್ಲ ಹೋದ ಮೇಲೆ, ಅವಳು ಅತ್ತಿಗೆಯ ಎದುರು ನೆಲದ ಮೇಲೆ ಕೂತಳು. ಮಗಳು ಗೋಡೆಯ ಮೇಲಿದ್ದ ಮಾವನ ಫೋಟೋ ನೋಡುತ್ತ ನಿಂತಿದ್ದಳು.

"ಅತ್ತಿಗೆ, ನಾನು ಕೂಗಿದೆ. ಕೇಳಿಸ್ತಾ ಅವನಿಗೆ?"

"ಇಂಜಿನ್ ಸದ್ದಿಗೆ ನನಗೇ ಏನೂ ಕೇಳಿಸಲಿಲ್ಲಮ್ಮ."

"ಆಗ ಉಸಿರಿತ್ತಾ?"

ಅತ್ತಿಗೆ ಸುಳ್ಳು ಹೇಳಬಹುದಿತ್ತು. ಅವಳಿಗೆ ಆ ಶಕ್ತಿ ಉಳಿದಿರಲಿಲ್ಲ. "ಸೇತುವೆ ಬರೋವರೆಗೂ ಕೈ ಬಿಸಿ ಇತ್ತು, ನನ್ನ ಬೆರಳು ಹಿಡ್ಕೊಂಡಿದ್ದರು. ಸೇತುವೆ ಮೇಲೆ ಇಂಜಿನ್ ಅಲ್ಲಾಡ್ತಲ್ಲ, ಆಗ ಬಿಟ್ಟರು. ಅಲ್ಲೇ ಹೋದರೋ ಮುಂದೆ ಹೋದರೋ, ನನಗೆ ಗೊತ್ತಾಗಲಿಲ್ಲ."

ಸೇತುವೆಯಿಂದ ಕ್ಯಾಬಿನ್ನಿಗೆ ಇನ್ನೂರು ಹೆಜ್ಜೆ.

"ನಿಮಗೆ ಗೊತ್ತಿತ್ತಾ, ಅವತ್ತು ಏನಾಗಿತ್ತು ಅಂತ?"

"ಗೊತ್ತಿತ್ತು. ನಿನ್ನ ಮನೆಗೆ ಹೋಗಿ ಹೇಳ್ತೀನಿ ಅಂತ ಎಷ್ಟು ಸಲ ಹೊರಟೆ. ಬಿಡಲಿಲ್ಲ. 'ಅವಳ ಕೋಪ ಅವಳಿಗಿರಲಿ. ಕೋಪ ಇದ್ದರೂ ದಿನಕ್ಕೆ ಹತ್ತು ಸಲ ಗಂಟೆ ಹೊಡೀತಾಳಲ್ಲ, ಚೆನ್ನಾಗಿದಾಳೆ ಅಂತ ಗೊತ್ತಾಗುತ್ತಲ್ಲ' ಅಂತಿದ್ದರು. ಸೋಮವಾರ ಮನೆಗೆ ಬಂದವರು ಊಟಾನೇ ಮಾಡಲಿಲ್ಲ. 'ಇವತ್ತು ಫೋನಲ್ಲಿ ಏನೋ ಹೇಳೋಕೆ ಬಂದಳು ಕಣೆ, ಹೇಳಲಿಲ್ಲ' ಅಂತ ಅದನ್ನೇ ಹೇಳಿದ್ದು, ಹೇಳಿದ್ದು."

ಅವಳು ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಮಗಳು ಓಡಿಬಂದು ಹಿಡಿದುಕೊಂಡಳು.

ಮುಂದೆ ಅವಳು ಮಾಡಿದ್ದು ಎರಡು ಕೆಲಸ. ಒಂದು, ಮಗಳಿಗೆ ಎಲ್ಲವನ್ನೂ ಹೇಳಿದಳು, ಅಪ್ಪನ ಉಡಾಫೆಯನ್ನೂ ಮುಚ್ಚಿಡದೆ. "ಇಬ್ಬರೂ ಪಾಪ" ಎಂದಳು ಮಗಳು. ಇನ್ನೊಂದು, ಮೇಲಿನ ಕಚೇರಿಗೆ ಕಾಗದ ಬರೆದಳು. ಅಂದಿನ ತಪ್ಪು ನನ್ನ ಅಣ್ಣನದಲ್ಲ, ನನ್ನ ಗಂಡನದು, ಮೇಸ್ತ್ರಿ ಸಾಕ್ಷಿ ಇದ್ದಾರೆ, ಅಣ್ಣನ ಹೆಸರಿನ ಮುಂದಿರುವ ಕಪ್ಪು ಗೆರೆ ಅಳಿಸಿ, ಅದರಿಂದ ನನ್ನ ನೌಕರಿ ಹೋದರೆ ಹೋಗಲಿ ಎಂದು. ಆರು ವಾರದ ಮೇಲೆ ಉತ್ತರ ಬಂತು. ಹತ್ತು ವರ್ಷ ಮೀರಿದ ವಿಚಾರಣೆಯ ಕಡತಗಳನ್ನು ನಾಶಪಡಿಸಲಾಗಿದೆ, ಆದ್ದರಿಂದ ತಿದ್ದುವಂಥದ್ದು ಏನೂ ಇಲ್ಲ. ಕೆಳಗೊಂದು ಸಹಿ, ಮೊಹರು. ನೌಕರಿ ಹೋಗಲಿಲ್ಲ. ಹೋಗಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಕ್ಯಾಬಿನ್ನುಗಳು ಹೇಳಿದ ದಿನಕ್ಕೇ ಮುಚ್ಚಿದವು. ಲಿವರುಗಳನ್ನು ಗ್ಯಾಸಿನಿಂದ ಕತ್ತರಿಸಿ ಲಾರಿಗೆ ಹೇರಿದರು. ಅವಳನ್ನು ಪೇಟೆಯ ಸ್ಟೇಷನ್ನಿಗೆ ಹಾಕಿದರು. ಗುಡ್ಡದ ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ, ಮಕ್ಕಳಿಲ್ಲದ ಅತ್ತಿಗೆಯನ್ನು ಅವಳೇ ಹೋಗಿ ಕರೆತಂದಳು. ಎರಡು ಪೆಟ್ಟಿಗೆ, ಒಂದು ಹಾಸಿಗೆ, ಫೋಟೋ. ಅತ್ತಿಗೆ ಬಂದಳು, ಮೂಲೆಯ ಮಂಚ ಹಿಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೀಗೆ ಮೂರು ತಿಂಗಳು.

ಒಂದು ಸಂಜೆ ಅಡುಗೆಗೆ ಉಪ್ಪು ಹಾಕಿದೆಯಾ ಇಲ್ಲವಾ ಎಂಬುದಕ್ಕೆ ಮಾತಿಗೆ ಮಾತು ಬೆಳೆಯಿತು. "ಮರೆತೆ ಅತ್ತಿಗೆ, ಅಷ್ಟೇ ತಾನೆ" ಎಂದಳು ಅವಳು. ಅತ್ತಿಗೆಯ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

"ಹದಿನಾಲ್ಕು ವರ್ಷ!" ಎಂದು ಚೀರಿದಳು. "ಹದಿನಾಲ್ಕು ವರ್ಷದಲ್ಲಿ ಒಂದು ಸಲ ಬಂದಿದ್ದರೆ ನಿನ್ನ ಗಂಟೇನು ಹೋಗ್ತಿತ್ತು? ಒಂದು ಸಲ! ಬಾಗಿಲಲ್ಲಿ ನಿಂತು ಬೈದು ಹೋಗಿದ್ದರೂ ಸಾಕಿತ್ತು ಅವರಿಗೆ. ಅದನ್ನೂ ಮಾಡಲಿಲ್ಲವಲ್ಲೇ ನೀನು!"

ಯಾರಾದರೂ ಇದನ್ನು ಕೇಳಲಿ ಎಂದೇ ಅವಳು ಅಷ್ಟು ದಿನ ಕಾದಿದ್ದಳು. "ಬೈಯಿರಿ ಅತ್ತಿಗೆ" ಎಂದಳು, "ಇನ್ನೂ ಬೈಯಿರಿ."

ಅತ್ತಿಗೆ ಬೈದಳು. ಬಾಯಿಗೆ ಬಂದದ್ದೆಲ್ಲ ಬೈದಳು. ಬೈದು ಬೈದು ದನಿ ಒಡೆದು, ಒಲೆಯ ಪಕ್ಕದಲ್ಲಿ ಕುಸಿದು ಕೂತಳು. ಅವಳೂ ಪಕ್ಕದಲ್ಲಿ ಕೂತಳು. ಮಗಳು ಬಂದು ನೋಡಿ, ಚೆಲ್ಲಿದ ಅನ್ನ ಬಳಿದು, ಒಲೆ ಆರಿಸಿ ಹೋದಳು. ಅವತ್ತು ಯಾರೂ ಊಟ ಮಾಡಲಿಲ್ಲ.

ಮರುದಿನ ಅವಳಿಗೆ ಬೆಳಗಿನ ಪಾಳಿ. ಎದ್ದು ನೋಡಿದರೆ ಅತ್ತಿಗೆ ಆಗಲೇ ಎದ್ದು ನೀರು ಕಾಯಿಸಿಟ್ಟಿದ್ದಳು. ಕಣ್ಣು ಊದಿದ್ದವು. "ಬೇಗ ಮುಖ ತೊಳಿ, ಹೊತ್ತಾಯ್ತು" ಎಂದಳು, ಅವಳ ಕಡೆ ನೋಡದೆ.